ಒಂದೇ ಕೇರಿಗೆ ಎರಡು ಸಲ ಬಂದ ಕರೆಂಟು

ಶಿರಸಿ, ಯಲ್ಲಾಪುರ, ಅಂಕೋಲಾ ತಾಲೂಕುಗಳು ಒಂದಕ್ಕೊಂದು ತಾಗುವ ಘಟ್ಟದ ಕಡೆ ಒಂದು ಮಜರೆ, ಅಂದರೆ ದೊಡ್ಡ ಗ್ರಾಮಕ್ಕೆ ಸೇರಿದ ಒಂದು ಕೇರಿ ಇದೆ. ಗಂಗಾವಳಿ ನದಿಗೆ ಸೇರುವ ಹಳ್ಳದ ದಡದಲ್ಲಿ ಮೂವತ್ತರ ಆಸುಪಾಸು ಮನೆಗಳು. ಸುಮಾರು ಹತ್ತು ವರ್ಷಗಳ ಅಂತರದಲ್ಲಿ ಆ ಕೇರಿಗೆ ಎರಡು ಸಲ ಲೈನ್ ಎಳೆದರು. ಮೊದಲ ಸಲ ಎಳೆದದ್ದು ಒಂದು ಮಳೆಗಾಲವನ್ನೂ ದಾಟಲಿಲ್ಲ. ಎರಡನೆಯದರಲ್ಲಿ ಇವತ್ತಿಗೂ ದೀಪ ಉರಿಯುತ್ತಿದೆ. ಕಂಬ, ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್) ಎರಡೂ ಸಲ ಇದ್ದವು, ಸಾಮಾನಿನಲ್ಲಿ ಅಲ್ಲಲ್ಲಿ ಮಾತ್ರ ವ್ಯತ್ಯಾಸ. ಮುಖ್ಯವಾಗಿ ಬದಲಾದದ್ದು ಕೆಲಸ ನಡೆಸಿದ ರೀತಿ.

ಊರಿನ ಹೆಸರನ್ನಾಗಲಿ, ಅಲ್ಲಿ ದುಡಿದವರ ಹೆಸರನ್ನಾಗಲಿ ಬರೆಯುವುದಿಲ್ಲ. ಇಲ್ಲಿ ಮುಖ್ಯವಾದದ್ದು ಯಾವ ಕೆಲಸ ಯಾವುದರ ನಂತರ ನಡೆಯಿತು, ಯಾವ ದಿನವನ್ನು "ಮುಗಿದ ದಿನ" ಅಂತ ಲೆಕ್ಕ ಹಿಡಿದರು ಅನ್ನುವುದು. ನನ್ನ ಮಟ್ಟಿಗೆ ಈ ಪ್ರಕರಣದ ಸೋಲು ಗೆಲುವು ಎರಡೂ ಅಲ್ಲೇ ಇದೆ. ಘಟ್ಟದ ಮೇಲೆ ಎಳೆದ ಲೈನ್ ಒಂದು ಪೂರ್ತಿ ಮಳೆಗಾಲ ದಾಟುವ ತನಕ ಅದನ್ನು ಮುಗಿದ ಕೆಲಸ ಅನ್ನಬಾರದು. ಮೊದಲ ಸಲ ಹಾಗೆ ಅಂದರು. ಎರಡನೇ ಸಲ ಅನ್ನಲಿಲ್ಲ.

ಜಾಗ ಎಂಥದ್ದು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕರೆಂಟು ತಯಾರಾಗುವುದಕ್ಕೇನೂ ಕಮ್ಮಿ ಇಲ್ಲ. ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಕಾಳಿ ನದಿಯುದ್ದಕ್ಕೂ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಜಲವಿದ್ಯುತ್ ಕೇಂದ್ರಗಳು ಸಾಲಾಗಿವೆ. ಕೊಡಸಳ್ಳಿಯದ್ದು 120 ಮೆಗಾವಾಟ್, ಕದ್ರಾದ್ದು 150. ಇಷ್ಟಿದ್ದೂ ಟವರ್ ಲೈನಿನ ಕೆಳಗೇ ಚಿಮಣಿ ದೀಪ ಹಚ್ಚಿಕೊಂಡು ಓದಿದ ಮಕ್ಕಳು ಇಲ್ಲಿ ಬಹಳ ಇದ್ದಾರೆ. "ತಲೆ ಮೇಲೇ ತಂತಿ ಹೋಗ್ತದೆ, ನಮಗ್ಯಾಕೆ ಕೊಡೂದಿಲ್ಲ?" ಅಂತ ಕೇರಿಯ ಹಿರಿಯರು ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ನ್ಯಾಯವಿದೆ.

ಆದರೆ 220 ಕೆವಿ, ಅಂದರೆ ಎರಡು ಲಕ್ಷ ಇಪ್ಪತ್ತು ಸಾವಿರ ವೋಲ್ಟಿನ ಲೈನಿನಿಂದ ಮನೆಗೆ ತಂತಿ ಎಳೆಯಲು ಬರುವುದಿಲ್ಲ. ಸಬ್‌ಸ್ಟೇಷನ್‌ನಲ್ಲಿ ಇಳಿಸಬೇಕು, 11 ಕೆವಿ ಮಾಡಿ ಊರ ಹತ್ತಿರ ತರಬೇಕು, ಟಿಸಿಯಲ್ಲಿ ಮತ್ತೆ ಇಳಿಸಿ 230 ವೋಲ್ಟ್ ಮಾಡಬೇಕು. ಆ ಕೊನೆಯ ಕೆಲವು ಕಿಲೋಮೀಟರ್‌ನಲ್ಲೇ ಎಲ್ಲಾ ಕಷ್ಟ. ಜಿಲ್ಲೆಯ ಮುಕ್ಕಾಲಕ್ಕಿಂತ ಜಾಸ್ತಿ ಭೂಮಿ ಅರಣ್ಯ. ಈ ಕೇರಿಯ ಅರ್ಧದಷ್ಟು ಮನೆಗಳು ನಿಂತಿರುವುದೂ ಜನರೇ "ಅತಿಕ್ರಮಣ" ಅಂತ ಕರೆಯುವ ಜಾಗದಲ್ಲಿ. ಅಲ್ಲಿ ಹುಟ್ಟಿ, ಅಲ್ಲೇ ಮುದುಕರಾದವರಿಗೂ ಪಹಣಿಯಲ್ಲಿ ಹೆಸರಿಲ್ಲ. ಕೆಲಸಕ್ಕೆ ಸಿಗುವ ಕಾಲವೂ ಚಿಕ್ಕದು. ಜೂನ್‌ನಿಂದ ಸೆಪ್ಟೆಂಬರ್ ತನಕ ಗುಂಡಿ ತೆಗೆದರೆ ನೀರು ತುಂಬುತ್ತದೆ. ಗದ್ದೆ ಕೊಯ್ಲು ಮುಗಿಯದೆ ಗದ್ದೆ ಅಂಚಿನಲ್ಲಿ ಕಂಬ ಹೊರುವ ಹಾಗಿಲ್ಲ. ಅಡಿಕೆಯ ಕೊನೆ ಕೊಯ್ಲು ಶುರುವಾದರೆ ಆಳು ಸಿಗುವುದಿಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ವರ್ಷದಲ್ಲಿ ಪೂರ್ತಿ ಕೈಗೆ ಸಿಗುವುದು ನಾಲ್ಕು ತಿಂಗಳು.

ಮೊದಲ ಸಲ

2005ರಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆ ಶುರುವಾಯಿತು. ಬಿಪಿಎಲ್ ಮನೆಗಳಿಗೆ ಉಚಿತ ಸಂಪರ್ಕ ಕೊಡುವುದು ಅದರ ಒಂದು ದೊಡ್ಡ ಭಾಗ. ಒಳ್ಳೆಯ ಯೋಜನೆಯೇ. ಆದರೆ ಆಗಿನ ವ್ಯಾಖ್ಯೆ ಹೀಗಿತ್ತು: ಹಳ್ಳಿಯಲ್ಲಿ ಟಿಸಿ ಮತ್ತು ಲೈನ್ ಇರಬೇಕು, ದಲಿತ ಕೇರಿಗೂ ಅದು ಮುಟ್ಟಬೇಕು, ಶಾಲೆ, ಪಂಚಾಯ್ತಿಯಂಥ ಕಡೆ ಕರೆಂಟು ಬರಬೇಕು, ಒಟ್ಟು ಮನೆಗಳಲ್ಲಿ ನೂರಕ್ಕೆ ಹತ್ತಾದರೂ ಬೆಳಗಬೇಕು. ಅಷ್ಟಾದರೆ ಆ ಹಳ್ಳಿ "ವಿದ್ಯುದೀಕರಣಗೊಂಡ ಹಳ್ಳಿ". ನಮ್ಮಲ್ಲಿ ಒಂದು ಕಂದಾಯ ಗ್ರಾಮ ಅಂದರೆ ಗುಡ್ಡದ ಆಚೆ ಈಚೆ ಹರಡಿದ ಹತ್ತಾರು ಮಜರೆ. ರಸ್ತೆ ಪಕ್ಕದ ಕೇರಿಗೆ ಕರೆಂಟು ಬಂದು ಎಷ್ಟೋ ಕಾಲವಾಗಿತ್ತು. ಹಾಗಾಗಿ ಕಾಗದದ ಮೇಲೆ ಈ ಗ್ರಾಮ ಮೊದಲೇ ಪಾಸಾಗಿತ್ತು. ಒಳಗಿನ ಮಜರೆಯ ಕೆಲಸ ಯಾರ ಪಟ್ಟಿಯಲ್ಲೂ ಮೊದಲ ಸಾಲಿನಲ್ಲಿರಲಿಲ್ಲ.

ಆದರೂ ಕೆಲಸ ಮಂಜೂರಾಯಿತು. ಹಲವು ಊರುಗಳ ಕೆಲಸವನ್ನು ಒಟ್ಟು ಸೇರಿಸಿ ಒಬ್ಬ ದೊಡ್ಡ ಗುತ್ತಿಗೆದಾರರಿಗೆ ಕೊಟ್ಟರು. ಅವರು ಚಿಕ್ಕವರಿಗೆ ಹಂಚಿದರು. ಬಿಲ್ಲು ಕಂಬದ ಲೆಕ್ಕದಲ್ಲಿ, ತಂತಿಯ ಕಿಲೋಮೀಟರ್ ಲೆಕ್ಕದಲ್ಲಿ, ಟಿಸಿಯ ಲೆಕ್ಕದಲ್ಲಿ. ದೀಪ ಉರಿದ ದಿನಗಳ ಲೆಕ್ಕ ಎಲ್ಲೂ ಇರಲಿಲ್ಲ.

ಸರ್ವೆ ಮಾಡಿದ್ದು ಜನವರಿಯಲ್ಲಿ. ಹಳ್ಳ ಆಗ ಮೊಣಕಾಲಿನಷ್ಟು. ಅದನ್ನು ದಾಟುವ ಕಡೆ ಎರಡೂ ದಡದಲ್ಲಿ ಒಂದೊಂದು ಕಂಬ ಅಂತ ಗುರುತು ಹಾಕಿದರು. ಕೆಲಸದ ಆದೇಶ ಬಂದದ್ದು ಏಪ್ರಿಲ್ ಕೊನೆಗೆ. ಅರಣ್ಯದ ಅನುಮತಿಗೆ ಅರ್ಜಿ ಕೊಟ್ಟದ್ದು ಅದರ ನಂತರ. ರಸ್ತೆ ಬದಿಯಲ್ಲಿ ಇಳಿಸಿದ ಕಂಬಗಳ ಮೇಲೆ ಒಂದು ಮಳೆಗಾಲವಿಡೀ ಬಳ್ಳಿ ಹಬ್ಬಿತು. ಅನುಮತಿ ಬರುವಷ್ಟರಲ್ಲಿ ಮುಂದಿನ ಮಾರ್ಚ್. ಅಷ್ಟೊತ್ತಿಗೆ ಮೊದಲು ಬಂದಿದ್ದ ಉಪಗುತ್ತಿಗೆದಾರ ಬಿಟ್ಟು ಹೋಗಿದ್ದರು. ಹೊಸಬರಿಗೆ ಮಳೆಗೆ ಮುಂಚೆ ಮುಗಿಸುವ ಅವಸರ.

ಆ ಅವಸರದಲ್ಲಿ ಏನಾಯಿತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸೋತ ಎಲ್ಲಾ ಲೈನುಗಳ ಕಥೆಯಲ್ಲೂ ಇದೇ ಇರುತ್ತದೆ.

ಕಂಬದ ಉದ್ದದ ಆರನೇ ಒಂದು ಭಾಗ ನೆಲದೊಳಗೆ ಹೋಗಬೇಕು. ಒಂಬತ್ತು ಮೀಟರ್ ಕಂಬಕ್ಕೆ ಒಂದೂವರೆ ಮೀಟರ್ ಗುಂಡಿ. ನಮ್ಮ ಕಡೆ ಮೇಲ್ಮಣ್ಣು ತೆಗೆದರೆ ಕೆಳಗೆ ಜಂಬಿಟ್ಟಿಗೆ ಕಲ್ಲು. ಹಾರೆ ಹಿಡಿದು ಕಡಿಯಬೇಕು. ಒಂದು ಗುಂಡಿಗೆ ಒಂದು ದಿನ ಹೋದರೂ ಆಶ್ಚರ್ಯವಿಲ್ಲ. ಗುಂಡಿಯ ಆಳ ಮೂರಡಿಗೇ ನಿಂತಿತು. ಗದ್ದೆ ಅಂಚಿನ ಮೆತ್ತನೆ ಮಣ್ಣಿನಲ್ಲಿ ಕಾಂಕ್ರೀಟ್ ಹಾಕಲಿಲ್ಲ. ತಿರುವಿನ ಕಂಬಗಳು ವಾಲದಂತೆ ಎಳೆದು ಕಟ್ಟಿದ ಸ್ಟೇ ತಂತಿಗಳು ಸಡಿಲ. ಕಂಬ ನಿಂತ ಮೇಲೆ ಒಳಗೆ ಎಷ್ಟು ಹೋಗಿದೆ ಅಂತ ಯಾರಿಗೂ ಕಾಣುವುದಿಲ್ಲ. ಗುಂಡಿ ತೆರೆದಿರುವಾಗಲೇ ಟೇಪ್ ಹಿಡಿದು ನೋಡುವವರು ಬೇಕು. ಆ ಕೆಲಸಕ್ಕೆ ಯಾರನ್ನೂ ನೇಮಿಸಿರಲಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಟಿಸಿ ಇಟ್ಟ ಜಾಗದ್ದು. ಲಾರಿ ಹೋಗುವುದು ರಸ್ತೆ ತನಕ ಮಾತ್ರ. ಆದ್ದರಿಂದ ಟಿಸಿ ರಸ್ತೆ ಬದಿಯಲ್ಲೇ ಕೂತಿತು. ಅಲ್ಲಿಂದ ಕೇರಿಗೆ ಒಂದು ಕಿಲೋಮೀಟರ್ ಸಿಂಗಲ್ ಫೇಸ್ ಎಲ್‌ಟಿ (230 ವೋಲ್ಟಿನ) ಲೈನ್, ಸ್ಕ್ವಿರಲ್ ಅನ್ನುವ ತೆಳ್ಳನೆಯ ತಂತಿ. ಅದರ ರೋಧ ಕಿಲೋಮೀಟರಿಗೆ ಸುಮಾರು 1.4 ಓಮ್. ಹೋಗಿ ಬರುವ ಎರಡೂ ತಂತಿ ಸೇರಿ 2.8. ಸಂಜೆ ಎಲ್ಲರ ಮನೆಯಲ್ಲೂ ದೀಪ, ಟಿವಿ ಹಾಕಿ 20 ಆಂಪಿಯರ್ ಎಳೆದರೆ ದಾರಿಯಲ್ಲೇ 56 ವೋಲ್ಟ್ ಹೋಯಿತು. ಕೇರಿಗೆ ಮುಟ್ಟುವುದು 174. ಗುಡ್ಡದ ಒರತೆಯಿಂದ ಸಣ್ಣ ಪೈಪಿನಲ್ಲಿ ದೂರಕ್ಕೆ ನೀರು ತಂದರೆ ತುದಿಯಲ್ಲಿ ಹನಿಯಷ್ಟೇ ಬೀಳುತ್ತದಲ್ವಾ, ಹಾಗೆ. ಅದೇ ಹೊರೆಯನ್ನು 11 ಕೆವಿಯಲ್ಲಿ ತಂದಿದ್ದರೆ ಹರಿಯುವುದು ಅರ್ಧ ಆಂಪಿಯರಿಗಿಂತ ಕಮ್ಮಿ. ದಾರಿಯ ನಷ್ಟ ಲೆಕ್ಕಕ್ಕೇ ಸಿಗುವುದಿಲ್ಲ. ಇದು ಇಂಜಿನಿಯರುಗಳಿಗೆಲ್ಲ ಗೊತ್ತಿರುವ ವಿಷಯ. ಗೊತ್ತಿರುವವರು ಜಾಗಕ್ಕೆ ಬಂದು ನಿರ್ಧಾರ ಮಾಡುವ ವ್ಯವಸ್ಥೆ ಇರಲಿಲ್ಲ. ಲಾರಿ ನಿಂತ ಜಾಗವೇ ನಿರ್ಧಾರವಾಯಿತು.

ಮೇ ಕೊನೆಗೆ ಲೈನ್ ಚಾರ್ಜ್ ಮಾಡಿದರು, ಅಂದರೆ ಕರೆಂಟು ಹರಿಸಿದರು. ಕೆಲಸ ಮುಗಿದಿದೆ ಅಂತ ಸಹಿ ಆಯಿತು. ಆ ದಿನ ಬೆಳಗಿದ್ದು ಹತ್ತೇ ಹತ್ತು ಮನೆ. ಉಳಿದವರ ಹತ್ತಿರ ಜಾಗದ ಕಾಗದ ಇಲ್ಲ, ಆದ್ದರಿಂದ ಮೀಟರ್ ಇಲ್ಲ. ಜುಲೈಯಲ್ಲಿ ಹಳ್ಳದ ದಡದ ಕಂಬ ವಾಲಿತು. ಒಂದು ಹೊನ್ನೆ ಮರದ ಕೊಂಬೆ ತಂತಿ ಕಡಿದುಕೊಂಡು ಬಿತ್ತು. ಆ ಭಾಗದ ಲೈನ್‌ಮನ್ ಒಬ್ಬರೇ, ಅವರ ಪಾಲಿಗೆ ಹತ್ತಾರು ಊರು. ಮಳೆಯಲ್ಲಿ ಲೈನ್ ಹಿಡಿದು ನಡೆದು ಎಲ್ಲಿ ಕಡಿದಿದೆ ಅಂತ ಹುಡುಕಬೇಕು. ನವರಾತ್ರಿ ಕಳೆದರೂ ಕೇರಿ ಕತ್ತಲೆಯಲ್ಲೇ ಇತ್ತು. ಗುತ್ತಿಗೆಯಲ್ಲಿ ದೋಷ ಸರಿಪಡಿಸಿ ಕೊಡಬೇಕಾದ ಅವಧಿ ಅಂತ ಒಂದು ಕಲಮು ಇತ್ತು. ಆದರೆ ಆ ಕಾಗದ ಊರಲ್ಲಿ ಯಾರ ಕೈಯಲ್ಲೂ ಇರಲಿಲ್ಲ.

ಕತ್ತಲೆಗೂ ಬಿಲ್ಲು

ನನಗೆ ಹೆಚ್ಚು ಸಂಕಟವಾದದ್ದು ಇದರ ನಂತರ ನಡೆದದ್ದಕ್ಕೆ. ಹತ್ತು ಮನೆಗೂ ಆರ್‌ಆರ್ ನಂಬರ್ (ಬಿಲ್ಲಿನ ಗ್ರಾಹಕ ಸಂಖ್ಯೆ) ಕೊಟ್ಟಾಗಿತ್ತು. ಲೈನ್ ಸತ್ತದ್ದು ಒಂದು ರಿಜಿಸ್ಟರಿನಲ್ಲಿ, ಗ್ರಾಹಕರು ಇರುವುದು ಇನ್ನೊಂದರಲ್ಲಿ. ಮೀಟರ್ ನೋಡಲು ಯಾರೂ ಬರದಿದ್ದರೂ ಅಂದಾಜಿನ ಬಿಲ್ಲು ಬರುತ್ತಲೇ ಇತ್ತು. ದಿನಗೂಲಿ ಮಾಡುವ ಮನೆಯವರು ಉರಿಯದ ದೀಪಕ್ಕೆ ಯಾಕೆ ಹಣ ಕಟ್ಟುತ್ತಾರೆ? ಬಾಕಿ ಬೆಳೆಯಿತು, ಅದರ ಮೇಲೆ ಬಡ್ಡಿ. ಮುಂದೆ ಲೈನ್ ಸರಿ ಮಾಡಿ ಅಂತ ಕೇಳಲು ಹೋದರೆ "ಮೊದಲು ಬಾಕಿ ಕಟ್ಟಿ" ಅನ್ನುವ ಮಾತು. ಸಂಪರ್ಕ ಇಲ್ಲದ ಮನೆಗಿಂತ ಸಂಪರ್ಕ ಪಡೆದ ಮನೆಯ ಸ್ಥಿತಿ ಕಷ್ಟವಾಯಿತು. ಸಾಮಾನಿನ ಕೊರತೆಯಿಂದ ಹೀಗಾಗಲಿಲ್ಲ. ಕಟ್ಟುವವರು, ನಡೆಸುವವರು, ಬಿಲ್ಲು ಮಾಡುವವರು ಒಮ್ಮೆಯೂ ಒಂದೇ ಮೇಜಿನ ಸುತ್ತ ಕೂರಲಿಲ್ಲ.

ಎರಡನೇ ಸಲ

2014ರ ಕೊನೆಗೆ ದೀನದಯಾಳ್ ಉಪಾಧ್ಯಾಯ ಗ್ರಾಮ ಜ್ಯೋತಿ ಯೋಜನೆ, 2017ರ ಸೆಪ್ಟೆಂಬರಿನಲ್ಲಿ ಸೌಭಾಗ್ಯ ಬಂದವು. ಸೌಭಾಗ್ಯದಲ್ಲಿ ಎಣಿಕೆಯೇ ಬದಲಾಯಿತು. ಹಳ್ಳಿಯ ಲೆಕ್ಕ ಹೋಗಿ ಮನೆಯ ಲೆಕ್ಕ ಬಂತು. ಇದರ ಬೆಲೆಯನ್ನು ಕಮ್ಮಿ ಅಂದುಕೊಳ್ಳಬಾರದು. ಒಳಗಿನ ಕೇರಿಯ ಒಂದೊಂದು ಮನೆಯೂ ಯಾರದೋ ಬಾಕಿ ಪಟ್ಟಿಯಲ್ಲಿ ಕಾಣಿಸತೊಡಗಿತು.

ಆ ಹೊತ್ತಿಗೆ ವಿದ್ಯುತ್ ಕಂಪನಿಯ ಸೆಕ್ಷನ್ನಿಗೆ ಹೊಸದಾಗಿ ಬಂದಿದ್ದ ಜೂನಿಯರ್ ಇಂಜಿನಿಯರ್ ಒಬ್ಬರು ಕೆಲಸವನ್ನು ಜೂನ್‌ನಲ್ಲಿ ಶುರು ಮಾಡಿದರು. ಮಳೆಗಾಲದಲ್ಲಿ ಕಂಬ ನೆಡಲು ಆಗದು, ಕಾಗದದ ಕೆಲಸ ಆಗುತ್ತದೆ. ಅವರು ಮೊದಲು ಮಾಡಿದ್ದು ಮಳೆಯಲ್ಲೇ ದಾರಿ ನಡೆದು ನೋಡುವುದು. ಅರಣ್ಯ ರಕ್ಷಕರು, ಲೈನ್‌ಮನ್, ಪಂಚಾಯ್ತಿ ಸದಸ್ಯೆ, ಕೇರಿಯ ನಾಲ್ಕೈದು ಜನ ಜೊತೆಗಿದ್ದರು. ಹಳ್ಳದ ಹತ್ತಿರ ಒಬ್ಬ ಹಿರಿಯರು ಹೇಳಿದ ಮಾತು ಇಡೀ ನಕ್ಷೆಯನ್ನೇ ಬದಲಿಸಿತು.

"ಸರ್, ಇಲ್ಲಿ ಕಂಬ ಬೇಡ. ಪುನರ್ವಸು ಮಳೆಗೆ ನೀರು ಆ ಮತ್ತಿ ಮರದ ಬುಡದ ತನಕ ಬರ್ತದೆ."

"ಹಾಗಾದ್ರೆ ಎಲ್ಲಿ ದಾಟಿಸೋದು ಅಜ್ಜ?"

"ಮೇಲೆ ಸಂಕದ ಹತ್ರ. ಎರಡೂ ಬದಿ ಬಂಡೆ ಉಂಟು. ದೂರ ಆಗ್ತದೆ, ಆದ್ರೆ ಕಂಬ ನಿಲ್ತದೆ."

ಸಂಕದ, ಅಂದರೆ ಕಾಲುಸೇತುವೆಯ ಕಡೆ ದಾಟಿಸಿದ್ದರಿಂದ ಲೈನ್ ಅರ್ಧ ಕಿಲೋಮೀಟರ್ ಹೆಚ್ಚು ಉದ್ದವಾಯಿತು. ಹಳೆಯ ಗಾಡಿ ದಾರಿ ಮತ್ತು ಸೊಪ್ಪಿನ ಬೆಟ್ಟದ ಅಂಚು ಹಿಡಿದು ಹೋದದ್ದರಿಂದ ಕಡಿಯಬೇಕಾದ ಮರ ಕಮ್ಮಿಯಾದವು, ಲೈನ್‌ಮನ್‌ಗೆ ನಡೆಯುವ ದಾರಿ ಸಿಕ್ಕಿತು. ಉದ್ದ ಜಾಸ್ತಿ ಅಂತ ಎಸ್ಟಿಮೇಟಿಗೆ ಆಕ್ಷೇಪ ಬಂತು. ಇಂಜಿನಿಯರ್ ಜಗ್ಗಲಿಲ್ಲ. ಅವರ ಈ ಹಟವನ್ನು ನಾನು ತುಂಬಾ ಮೆಚ್ಚುತ್ತೇನೆ.

ಅರಣ್ಯದ ಅನುಮತಿಗೆ ಅವರು ಹಿಡಿದದ್ದು 2006ರ ಅರಣ್ಯ ಹಕ್ಕು ಕಾಯ್ದೆಯ ದಾರಿ. ಆ ಕಾಯ್ದೆಯ 3(2)ನೇ ಕಲಮಿನಲ್ಲಿ ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರಿನ ಜೊತೆ ವಿದ್ಯುತ್ ಲೈನೂ ಇದೆ. ಪ್ರತಿ ಕೆಲಸಕ್ಕೆ ಬೇಕಾಗುವ ಅರಣ್ಯ ಭೂಮಿ ಒಂದು ಹೆಕ್ಟೇರಿಗಿಂತ ಕಮ್ಮಿ ಇರಬೇಕು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು. ಗ್ರಾಮಸಭೆ ಶಿಫಾರಸು ಮಾಡಬೇಕು. ಅರ್ಜಿ ಡಿಎಫ್‌ಒ (ವಿಭಾಗದ ಅರಣ್ಯಾಧಿಕಾರಿ) ಮಟ್ಟದಲ್ಲೇ ತೀರ್ಮಾನವಾಗುತ್ತದೆ. 11 ಕೆವಿ ಲೈನಿಗೆ ಏಳು ಮೀಟರ್ ಅಗಲದ ದಾರಿ ಲೆಕ್ಕ ಹಿಡಿಯುತ್ತಾರೆ. ಹತ್ತು ಸಾವಿರ ಚದರ ಮೀಟರನ್ನು ಏಳರಿಂದ ಭಾಗಿಸಿದರೆ ಸುಮಾರು 1.4 ಕಿಲೋಮೀಟರ್. ಅಂದರೆ ಕಾಡಿನೊಳಗಿನ ಉದ್ದ ಅದಕ್ಕಿಂತ ಕಮ್ಮಿ ಇದ್ದರೆ ಈ ದಾರಿ ತೆರೆದಿದೆ. ಹೊಸ ನಕ್ಷೆಯಲ್ಲಿ ಕಾಡಿನ ಭಾಗ ಒಂದು ಕಿಲೋಮೀಟರ್ ಆಸುಪಾಸಿನಲ್ಲೇ ನಿಂತಿತು. ಆಗಸ್ಟಿನಲ್ಲಿ ಗ್ರಾಮಸಭೆ ಠರಾವು ಮಾಡಿತು. ಗದ್ದೆ ಕೆಲಸ ಇಲ್ಲದ ಹೊತ್ತು ನೋಡಿ ಸಭೆ ಕರೆದದ್ದರಿಂದ ಜನವೂ ಬಂದರು. ದೀಪಾವಳಿ ಹೊತ್ತಿಗೆ ಅನುಮತಿ ಕೈಯಲ್ಲಿತ್ತು. ಗುತ್ತಿಗೆದಾರರಿಗೆ ಕೆಲಸದ ಆದೇಶ ಹೋದದ್ದು ಅದರ ನಂತರ. ಯಾವ ಒಂದು ಕೆಲಸ ನಿಂತರೆ ಉಳಿದದ್ದೆಲ್ಲ ನಿಲ್ಲುತ್ತದೋ ಅದನ್ನು ಮೊದಲು ಮುಗಿಸುವುದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಮೊದಲ ಪಾಠ. ಇಲ್ಲಿ ಆ ಕೆಲಸ ಕಾಡಿನ ಅನುಮತಿ.

ಕ್ಯಾಲೆಂಡರನ್ನೂ ಊರಿನವರ ಜೊತೆ ಕೂತೇ ಮಾಡಿದರು. ಗದ್ದೆ ಕೊಯ್ಲು ಆದ ಮೇಲೆ ಕಂಬ ಸಾಗಿಸುವುದು. ಕೊನೆ ಕೊಯ್ಲು ಇಳಿದ ಮೇಲೆ, ಜನವರಿ ಕೊನೆಯಿಂದ, ಗುಂಡಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆ ಇದ್ದ ವರ್ಷ ಅದು. ಜಾತ್ರೆಯ ಒಂಬತ್ತು ದಿನ ಕೆಲಸವೇ ಇಲ್ಲ ಅಂತ ಮೊದಲೇ ಬಿಟ್ಟಿಟ್ಟರು. ಹೊರಗಿನಿಂದ ಬಂದ ಮೇಸ್ತ್ರಿಗೆ ಇದು ವಿಚಿತ್ರ ಅನಿಸಿತ್ತಂತೆ. ನಮ್ಮ ಕಡೆಯವರಿಗೆ ವಿಚಿತ್ರ ಏನೂ ಅಲ್ಲ. ಜಾತ್ರೆಯಲ್ಲಿ ಆಳು ಬರುವುದಿಲ್ಲ ಅನ್ನುವುದು ಮಳೆ ಬರುತ್ತದೆ ಅನ್ನುವಷ್ಟೇ ನಿಶ್ಚಿತ.

ಟಿಸಿಯನ್ನು ಕೇರಿಯ ನಡುವೆ ತಂದರು. ಚಿಕ್ಕ ಸಿಂಗಲ್ ಫೇಸ್ ಟಿಸಿ ಆದ್ದರಿಂದ ಟ್ರ್ಯಾಕ್ಟರಿನಲ್ಲಿ ಸಂಕದ ತನಕ, ಅಲ್ಲಿಂದ ಹಗ್ಗ, ಬೊಂಬು ಹಾಕಿ ಜನರೇ ಹೊತ್ತರು. ಲಾರಿ ಹೋಗದ ಕಡೆ ಸಿಮೆಂಟ್ ಕಂಬದ ಬದಲು ಕಬ್ಬಿಣದ ಕಂಬ. ಮನೆಗಳ ನಡುವೆ ಬರಿ ತಂತಿಯ ಬದಲು ಹೊದಿಕೆ ಇರುವ ಕೇಬಲ್. ಕೊಂಬೆ ತಾಗಿದರೂ ಶಾರ್ಟ್ ಆಗುವುದಿಲ್ಲ. ಪ್ರತಿ ಗುಂಡಿಯನ್ನೂ ಮುಚ್ಚುವ ಮೊದಲು ಅಳೆದು, ಫೋಟೋ ತೆಗೆದು ಇಟ್ಟರು. ಅಳತೆ ಹಿಡಿಯುವ ಕೆಲಸ ಸ್ವಸಹಾಯ ಸಂಘದ ಇಬ್ಬರು ಹೆಂಗಸರದ್ದು. ಒಂದು ಗುಂಡಿ ನಾಲ್ಕಡಿಗೇ ನಿಂತಾಗ ಅವರಲ್ಲೊಬ್ಬರು ಮೇಸ್ತ್ರಿಗೆ, "ಅಣ್ಣ, ಇನ್ನೊಂದಡಿ ಹೋಗ್ಲಿ. ನೀವು ನಾಳೆ ಹೋಗ್ತೀರಿ, ನಾವು ಇಲ್ಲೇ ಇರೋರು" ಅಂದರು. ಮೇಸ್ತ್ರಿ ಮತ್ತೆ ಹಾರೆ ಹಿಡಿದರು.

ಕಾಗದ ಇಲ್ಲದ ಮನೆಗಳಿಗೆ ಪಂಚಾಯ್ತಿ ವಾಸದ ದೃಢೀಕರಣ ಕೊಟ್ಟಿತು. ಹಳೆಯ ಬಾಕಿಗೆ ಕಟ್ಟುವ, ನಡೆಸುವ, ಬಿಲ್ಲು ಮಾಡುವ ಮೂರೂ ಕಡೆಯವರು ಒಂದು ದಿನ ಪಂಚಾಯ್ತಿಯಲ್ಲಿ ಕೂತರು. ಲೈನ್ ಸತ್ತಿದ್ದ ತಿಂಗಳುಗಳ ಅಂದಾಜು ಬಿಲ್ಲನ್ನು ಪರಿಶೀಲಿಸಿ ತೆಗೆದರು. ಉಳಿದದ್ದನ್ನು ಕಂತು ಮಾಡಿದರು. ಹತ್ತು ವರ್ಷ ಕೊಳೆತಿದ್ದ ವಿಷಯ ಒಂದು ಮಧ್ಯಾಹ್ನದಲ್ಲಿ ತೀರಿತು.

ಇನ್ನೆರಡು ಸಣ್ಣ ಕೆಲಸ ಹೇಳಲೇಬೇಕು. ಒಂದು, ಎಲ್ಲಾ ಕಂಬಗಳಿಗೂ ನಂಬರ್ ಬರೆಸಿದರು. ಈಗ ತಂತಿ ಕಡಿದರೆ ಊರಿನವರು ಫೋನ್ ಮಾಡಿ ಯಾವ ಎರಡು ಕಂಬದ ನಡುವೆ ಅಂತ ಹೇಳುತ್ತಾರೆ. ಲೈನ್‌ಮನ್ ಲೈನ್ ಕ್ಲಿಯರ್ (ಕರೆಂಟು ತೆಗೆದ ಖಾತ್ರಿ) ತೆಗೆದುಕೊಂಡು ನೇರ ಅಲ್ಲಿಗೇ ಹೋಗುತ್ತಾರೆ. ಊರಿನವರು ಕಂಬ ಹತ್ತಬಾರದು, ತಂತಿ ಮುಟ್ಟಬಾರದು ಅನ್ನುವುದನ್ನು ಮಕ್ಕಳಿಗೂ ಹೇಳಿಕೊಟ್ಟಿದ್ದಾರೆ. ಎರಡು, ಗುತ್ತಿಗೆದಾರರ ಕೊನೆಯ ಕಂತನ್ನು ಮಳೆಗಾಲದ ನಂತರದ ಜಂಟಿ ತಪಾಸಣೆ ಆಗುವ ತನಕ ಹಿಡಿದಿಟ್ಟರು. ಹಣ ಹಿಡಿದಿಡುವ ಅವಕಾಶ ಮೊದಲ ಗುತ್ತಿಗೆಯಲ್ಲೂ ಇತ್ತು. ಯಾರೂ ಬಳಸಿರಲಿಲ್ಲ.

ಏಪ್ರಿಲ್‌ನಲ್ಲಿ ದೀಪ ಬಂತು. ಆ ಮಳೆಗಾಲದಲ್ಲಿ ಎರಡು ಕಡೆ ಸ್ಟೇ ಸಡಿಲವಾಯಿತು, ಒಂದು ಕಡೆ ಕೊಂಬೆ ಬಿತ್ತು. ಹಣ ಬಾಕಿ ಇದ್ದದ್ದರಿಂದ ಗುತ್ತಿಗೆದಾರರ ಜನ ಬಂದು ಸರಿ ಮಾಡಿದರು. ದೊಡ್ಡ ಪರೀಕ್ಷೆ ಬಂದದ್ದು 2021ರ ಜುಲೈನಲ್ಲಿ. ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದ, ಗಂಗಾವಳಿ ಉಕ್ಕಿ ಹರಿದ ವರ್ಷ ಅದು. ಈ ಕೇರಿಗೂ ಕೆಲವು ದಿನ ಕರೆಂಟಿರಲಿಲ್ಲ, ಮೇಲಿನ 11 ಕೆವಿ ಫೀಡರೇ ಹೋಗಿತ್ತು. ಸಂಕದ ಹತ್ತಿರದ ಎರಡು ಕಂಬ ಮಾತ್ರ ಜಗ್ಗಲಿಲ್ಲ. ಮೊದಲ ಯೋಜನೆಯವರು ಕಂಬ ನೆಟ್ಟಿದ್ದ ಜಾಗದಲ್ಲಿ ಆ ವಾರ ಆಳುದ್ದ ನೀರಿತ್ತು.

ಸರಿಯಾಗದೆ ಉಳಿದದ್ದು

ಎಲ್ಲಾ ಚೆನ್ನಾಯಿತು ಅಂತ ಬರೆದರೆ ಕೇರಿಯವರಿಗೆ ಅನ್ಯಾಯವಾಗುತ್ತದೆ. ಹಳ್ಳದ ಆಚೆ ಒಂಟಿಯಾಗಿರುವ ಎರಡು ಮನೆಗೆ ಲೈನ್ ಹೋಗಲಿಲ್ಲ. ಅವರಿಗೆ ಸೋಲಾರ್ ಸಿಕ್ಕಿತು: ಸೌಭಾಗ್ಯದಲ್ಲಿ ದೂರದ ಮನೆಗಳಿಗೆ ಇದ್ದ ವ್ಯವಸ್ಥೆ, ಐದು ಎಲ್‌ಇಡಿ ದೀಪ, ಒಂದು ಡಿಸಿ ಫ್ಯಾನ್, ಬ್ಯಾಟರಿ, ಐದು ವರ್ಷದ ನಿರ್ವಹಣೆ. ಬೇಸಿಗೆಯಲ್ಲಿ ಚೆಂದ. ಆಷಾಢದಲ್ಲಿ ವಾರಗಟ್ಟಲೆ ಬಿಸಿಲೇ ಇಲ್ಲದಾಗ ರಾತ್ರಿ ಎಂಟಕ್ಕೆ ದೀಪ ಮಂಕಾಗುತ್ತದೆ. ಅದೇ ಹೊತ್ತಿಗೆ ಮನೆ ಹಿಂದಿನ ಹಳ್ಳ ಧುಮುಕುತ್ತಿರುತ್ತದೆ. ನಮ್ಮ ಮಲೆನಾಡಿನ ಕೆಲವು ತೋಟಗಳಲ್ಲಿ ಇರುವಂಥ ಒಂದು ಕಿಲೋವಾಟಿನ ಸಣ್ಣ ಟರ್ಬೈನ್ ಜೊತೆಗಿದ್ದರೆ ಮಳೆಗಾಲಕ್ಕೆ ನೀರು, ಬೇಸಿಗೆಗೆ ಬಿಸಿಲು ಅಂತ ವರ್ಷಪೂರ್ತಿ ಸಾಗುತ್ತಿತ್ತು. ಯೋಜನೆಯ ಪಟ್ಟಿಯಲ್ಲಿ ಸೋಲಾರ್ ಮಾತ್ರ ಇತ್ತು, ಆದ್ದರಿಂದ ಅದನ್ನು ಮಾತ್ರ ಕೊಟ್ಟರು.

ಇನ್ನೊಂದು ಕೊರತೆ ದೊಡ್ಡದು. ಖರ್ಚು ಕಮ್ಮಿ ಮಾಡಲು ಸಿಂಗಲ್ ಫೇಸ್ ಮಾತ್ರ ಎಳೆದರು. ದೀಪ, ಟಿವಿ, ಮಿಕ್ಸಿಗೆ ಅದು ಸಾಕು. ಆದರೆ ಸಂಘದ ಹೆಂಗಸರು ಒಂದು ಹಿಟ್ಟಿನ ಗಿರಣಿ ಹಾಕಬೇಕು ಅಂತಿದ್ದರು. ಅವರು ಕೇಳಿದ ಯಂತ್ರಕ್ಕೆ ಮೂರು ಫೇಸ್ ಬೇಕು. ತೋಟದವರ ಪಂಪಿಗೂ ಅಷ್ಟೇ. ಕಂಬ ಅದೇ, ದಾರಿ ಅದೇ, ಅನುಮತಿ ಅದೇ. ಇನ್ನೊಂದು ತಂತಿ ಮತ್ತು ಸ್ವಲ್ಪ ದೊಡ್ಡ ಟಿಸಿಗೆ ಆಗ ಆಗುತ್ತಿದ್ದ ಖರ್ಚಿಗಿಂತ ಈಗ ಆಗುವುದು ಜಾಸ್ತಿ. ಇದು ದೂರ ನೋಡದ ಉಳಿತಾಯ ಅಂತಲೇ ನನ್ನ ಅಭಿಪ್ರಾಯ. ಬರೀ ದೀಪಕ್ಕೆ ಮಾತ್ರ ಲೆಕ್ಕ ಹಾಕಿ ಎಳೆದ ಲೈನು ಊರಿನ ದುಡಿಮೆಯನ್ನು ಹೆಚ್ಚಿಸುವುದಿಲ್ಲ.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನ ಭಯ ಇಳಿದಿದೆ. ಇಂಜಿನಿಯರಿಗೆ ವರ್ಗವಾಗಿದೆ. ಹೋಗುವ ಮೊದಲು ಅವರು ಕಂಬಗಳ ನಂಬರಿನ ನಕ್ಷೆ, ಗುಂಡಿಗಳ ಫೋಟೋ, ಗುತ್ತಿಗೆಯ ಪ್ರತಿ ಎಲ್ಲವನ್ನೂ ಒಂದು ಫೈಲು ಮಾಡಿ ಪಂಚಾಯ್ತಿಯಲ್ಲೂ ಒಂದು ಪ್ರತಿ ಇಟ್ಟರು. ಮೇ ತಿಂಗಳಲ್ಲಿ ಜಂಗಲ್ ಕಟಿಂಗ್ ಆಗದಿದ್ದರೆ ಕೇರಿಯವರು ಆ ಫೈಲಿನ ನಕ್ಷೆ ಹಿಡಿದುಕೊಂಡು ಸೆಕ್ಷನ್ ಆಫೀಸಿಗೆ ಹೋಗುತ್ತಾರೆ, ಯಾವ ಕಂಬದಿಂದ ಯಾವ ಕಂಬದ ತನಕ ಕೊಂಬೆ ತಾಗುತ್ತಿದೆ ಅಂತ ತೋರಿಸುತ್ತಾರೆ. ಮೂರು ಫೇಸಿನ ಅರ್ಜಿಯನ್ನೂ ಅದರ ಜೊತೆಗೇ ಕೊಟ್ಟಿದ್ದಾರೆ. ಅದು ಇನ್ನೂ ಮಂಜೂರಾಗಿಲ್ಲ.